ಪುಟ್ಟನ ಕಾರು, ಅಕ್ಕನ ಹೆದರಿಕೆ, ಭಾವನ ಲೆಕ್ಕ

ಅಕ್ಕ, ನೀನು ಗ್ರೂಪಿನಲ್ಲಿ ಹಾಕಿದ ವಿಡಿಯೊ ನೋಡಿದೆ. ಹಿಮದಲ್ಲಿ ಲಾರಿ, ಕಾರು ಎಲ್ಲ ಒಂದರ ಮೇಲೊಂದು ಹತ್ತಿರುವುದು. "ಪುಟ್ಟ ಸೆಪ್ಟೆಂಬರಿಗೆ ಕೆನಡಾಕ್ಕೆ ಬರುತ್ತಾನೆ, ಕಾರು ಮಾತ್ರ ಬೇಡ ಅಂತ ನೀನೇ ಹೇಳು" ಅಂತ ಬರೆದಿದ್ದೀಯ. ಅದರ ಕೆಳಗೆ ಭಾವ, "ಅಲ್ಲಿ ವರ್ಷಕ್ಕೆ ಎಷ್ಟು ಜನ ರಸ್ತೆಯಲ್ಲಿ ಸಾಯುತ್ತಾರೆ, ಅಂಕಿ ಇದ್ದರೆ ಹೇಳಪ್ಪ" ಅಂತ ಕೇಳಿದ್ದಾರೆ. ಇಬ್ಬರಿಗೂ ಸೇರಿಸಿಯೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಲೇ ಕೇಳು.

ಮೊದಲು ಭಾವನ ಲೆಕ್ಕ. 2022ರಲ್ಲಿ ಇಡೀ ಕೆನಡಾದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,931 ಜನ. ಆ ಹೊತ್ತಿಗೆ ಇಲ್ಲಿನ ಜನಸಂಖ್ಯೆ ಹತ್ತಿರ ಹತ್ತಿರ 4 ಕೋಟಿ, ವಾಹನಗಳು ಸುಮಾರು 2.6 ಕೋಟಿ. ಅಂದರೆ ಲಕ್ಷ ಜನಕ್ಕೆ 5 ಸಾವು. ಅದೇ ವರ್ಷ ನಮ್ಮ ಕರ್ನಾಟಕ ಒಂದರಲ್ಲೇ 11,700 ದಾಟಿತ್ತು. ನಮ್ಮ ಜನಸಂಖ್ಯೆ ಜಾಸ್ತಿ ಅಂತ ಇಟ್ಟುಕೊಂಡರೂ ಲಕ್ಷಕ್ಕೆ 17ರ ಆಸುಪಾಸು ಬರುತ್ತದೆ. ಹಾಗಾಗಿ ಅಕ್ಕ, ದಿನಾ ಬೈಕಿನಲ್ಲಿ ಔಟರ್ ರಿಂಗ್ ರೋಡಿಗೆ ಮಗನನ್ನು ಕಳಿಸಿ ನೆಮ್ಮದಿಯಾಗಿ ಇರುವ ನೀನು ಇಲ್ಲಿಯ ಕಾರಿಗೆ ಇಷ್ಟು ಹೆದರುವುದು ನನಗೆ ಅರ್ಥ ಆಗುವುದಿಲ್ಲ. ಭಾರತದಲ್ಲಿ ರಸ್ತೆಯಲ್ಲಿ ಸಾಯುವವರಲ್ಲಿ ನೂರಕ್ಕೆ 44 ಜನ ಬೈಕು, ಸ್ಕೂಟರಿನವರು. ಇಲ್ಲಿ ಹೆಚ್ಚು ಕಡಿಮೆ ಅರ್ಧ ಜನ ಕಾರು, ಟ್ರಕ್ ಓಡಿಸುತ್ತಿದ್ದವರೇ.

ಹಾಗಂತ ಇಲ್ಲಿ ಎಲ್ಲ ಸರಿ ಇದೆ ಅಂತಲ್ಲ. 2020ರಲ್ಲಿ, ಕೋವಿಡ್ ಸಮಯದಲ್ಲಿ, ಈ ಸಂಖ್ಯೆ 1,750ರ ಹತ್ತಿರ ಇತ್ತು. ಆಮೇಲೆ ಏರಿದೆ. ಆದರೆ 1970ರ ದಶಕದ ಮೊದಲಲ್ಲಿ ವರ್ಷಕ್ಕೆ 6,000ಕ್ಕಿಂತ ಜಾಸ್ತಿ ಜನ ಸಾಯುತ್ತಿದ್ದರು. ಆಗ ಜನವೂ ಕಡಿಮೆ, ಕಾರೂ ಕಡಿಮೆ. ಅಲ್ಲಿಂದ ಇಲ್ಲಿಗೆ ಇಳಿದದ್ದು ಜನ ಒಳ್ಳೆಯವರಾಗಿಬಿಟ್ಟರು ಅಂತಲ್ಲ. ಸೀಟ್ ಬೆಲ್ಟ್ ಕಡ್ಡಾಯ ಮಾಡಿದರು, ಕುಡಿದು ಓಡಿಸುವವರನ್ನು ಹಿಡಿದರು, ಗಾಡಿ ತಯಾರಿಸುವವರ ಮೇಲೆ ನಿಯಮ ಹೇರಿದರು. ಪುಟ್ಟ ಬಂದ ಮೊದಲ ವಾರವೇ ಕೇಳುತ್ತಾನೆ ನೋಡು, "ಮಾವ, ಹಗಲಲ್ಲೇ ಎಲ್ಲರೂ ಯಾಕೆ ಲೈಟ್ ಹಾಕಿಕೊಂಡು ಹೋಗುತ್ತಾರೆ?" ಅಂತ. ಅವರು ಹಾಕುವುದಲ್ಲ, ಅದೇ ಹೊತ್ತಿಕೊಳ್ಳುತ್ತದೆ. 1989ರ ಡಿಸೆಂಬರ್‌ನಿಂದ ಇಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ.

ಈಗ ಹಿಮದ ವಿಷಯ. ಇದನ್ನು ಸ್ವಲ್ಪ ಗಮನ ಇಟ್ಟು ಕೇಳು ಅಕ್ಕ. ಕೆನಡಾದಲ್ಲಿ ರಸ್ತೆ ಸಾವು ಜಾಸ್ತಿ ಆಗುವುದು ಚಳಿಗಾಲದಲ್ಲಿ ಅಲ್ಲ. ಬೇಸಿಗೆಯಲ್ಲಿ. ಜುಲೈ, ಆಗಸ್ಟ್, ಸೆಪ್ಟೆಂಬರ್. ಆಕಾಶ ತಿಳಿ, ರಸ್ತೆ ಒಣ, ಜುಲೈನಲ್ಲಂತೂ ರಾತ್ರಿ 9ರವರೆಗೂ ಬೆಳಕು, ಆಗ.

ಯಾಕೆ ಅಂದರೆ, ಹಿಮ ಬಿದ್ದಾಗ ಜನ ನಿಧಾನ ಹೋಗುತ್ತಾರೆ. ತೀರಾ ಬೇಕಿಲ್ಲದಿದ್ದರೆ ಮನೆಯಿಂದ ಹೊರಡುವುದೇ ಇಲ್ಲ. ಜಾರಿ ಗುದ್ದಿಕೊಳ್ಳುವುದು ಬೇಕಾದಷ್ಟು ಆಗುತ್ತದೆ, ಬಂಪರ್ ಹೋಗುತ್ತದೆ, ಇನ್ಶೂರೆನ್ಸ್‌ನವರ ತಲೆನೋವು ಹೆಚ್ಚುತ್ತದೆ. ಆದರೆ 30ರ ವೇಗದಲ್ಲಿ ಗುದ್ದಿದರೆ ಸಾಮಾನ್ಯವಾಗಿ ಇಳಿದು ಬಯ್ದುಕೊಳ್ಳಲು ಇಬ್ಬರೂ ಬದುಕಿರುತ್ತಾರೆ. ಬೇಸಿಗೆಯಲ್ಲಿ ಹಾಗಲ್ಲ. ಲಾಂಗ್ ವೀಕೆಂಡ್ ಬಂತು ಅಂದರೆ ಊರಿಗೆ ಊರೇ ಕೆರೆ ಪಕ್ಕದ ಕಾಟೇಜಿಗೆ ಹೊರಡುತ್ತದೆ. ದೂರ ಜಾಸ್ತಿ, ವೇಗ ಜಾಸ್ತಿ, ಬಿಯರ್ ಜಾಸ್ತಿ. ಆರು ತಿಂಗಳು ಗ್ಯಾರೇಜಿನಲ್ಲಿ ಮಲಗಿದ್ದ ಮೋಟಾರ್ ಸೈಕಲ್‌ಗಳೂ ಆಗಲೇ ರಸ್ತೆಗೆ ಇಳಿಯುತ್ತವೆ.

ಇನ್ನೊಂದು ಸಂಗತಿ, ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಳ್ಳಿ ಕಡೆಯ ರಸ್ತೆಗಳಲ್ಲಿ. ಟೊರಾಂಟೊ ಮಧ್ಯದಲ್ಲಿ ಹಾದುಹೋಗುವ 401 ಹೆದ್ದಾರಿ ನೋಡಿದರೆ ನಿನಗೆ ಎದೆ ಧಸಕ್ ಅನ್ನುತ್ತದೆ. ಕೆಲವು ಕಡೆ 18 ಲೇನ್, ದಿನಕ್ಕೆ 4 ಲಕ್ಷಕ್ಕಿಂತ ಜಾಸ್ತಿ ಗಾಡಿ. ಆದರೆ ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ನಡುವೆ ಕಾಂಕ್ರೀಟ್ ಗೋಡೆ ಇದೆ. ಜೋಳದ ಹೊಲಗಳ ನಡುವಿನ ಎರಡು ಲೇನಿನ ರಸ್ತೆ ಇದೆಯಲ್ಲ, ಅದು ಅಪಾಯ. ಮಿತಿ 80 ಅಂತ ಬೋರ್ಡ್ ಇರುತ್ತದೆ, ಜನ 100ರಲ್ಲಿ ಹೋಗುತ್ತಾರೆ, ನಡುವೆ ಬರೀ ಹಳದಿ ಗೆರೆ. ಓವರ್‌ಟೇಕ್ ಮಾಡಲು ಹೋಗಿ ಎದುರಿಗೆ ಬಂದ ಟ್ರಕ್ಕಿಗೆ ಗುದ್ದುವುದು, ನಿದ್ದೆ ಬಂದು ಗೆರೆ ದಾಟುವುದು, ಅಡ್ಡರಸ್ತೆಯಲ್ಲಿ ಸ್ಟಾಪ್ ಬೋರ್ಡ್ ಬಿಟ್ಟು ನುಗ್ಗುವುದು. ಆಂಬುಲೆನ್ಸ್ ಬರುವುದಕ್ಕೂ ಹೊತ್ತು ಹಿಡಿಯುತ್ತದೆ.

ಉತ್ತರಕ್ಕೆ ಹೋದರೆ ಮೂಸ್ ಕಾಟ. ನಮ್ಮ ಬಂಡೀಪುರದ ಕಡವೆಯ ಹಾಗೆ ಅಂದುಕೊಳ್ಳಿ, ಆದರೆ ಅದಕ್ಕಿಂತ ಬಹಳ ಎತ್ತರ. ಕಾಲು ಉದ್ದ ಇರುವುದರಿಂದ ಕಾರು ಗುದ್ದಿದರೆ ಕಾಲು ಮುರಿದು ಆ ಇಡೀ ದೇಹ ಗಾಜಿನ ಮೇಲೆ ಬಂದು ಬೀಳುತ್ತದೆ. ಕಣ್ಣು ಹೆಡ್‌ಲೈಟಿಗಿಂತ ಮೇಲೆ ಇರುವುದರಿಂದ ಜಿಂಕೆ ಕಣ್ಣಿನ ಹಾಗೆ ಹೊಳೆಯುವುದೂ ಕಡಿಮೆ. ಪುಟ್ಟ ಇರಲಿರುವ ಕಡೆ ಮೂಸ್ ಇಲ್ಲ, ಜಿಂಕೆ ಇವೆ. ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಸಂಜೆ, ಬೆಳಗಿನ ಜಾವ ಹುಷಾರಾಗಿರಬೇಕು.

ಹಿಮವನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡ ಅಂತ ನಾನು ಹೇಳುತ್ತಿಲ್ಲ. ಪುಟ್ಟ ಓದಲು ಹೋಗುವ ಲಂಡನ್ (ಇಂಗ್ಲೆಂಡಿನದ್ದಲ್ಲ, ಇಲ್ಲಿಯ ಒಂಟಾರಿಯೊ ಪ್ರಾಂತ್ಯದ್ದು, ಅಜ್ಜಿಗೆ ಇನ್ನೊಂದು ಸಲ ಹೇಳು) ಹ್ಯೂರಾನ್ ಸರೋವರದ ಗಾಳಿ ಬೀಸುವ ಜಾಗ. ಸರೋವರದ ಮೇಲಿನಿಂದ ಬರುವ ಹಿಮಬಿರುಗಾಳಿ ಎದ್ದರೆ ಎದುರಿನ ಕಾರೇ ಕಾಣುವುದಿಲ್ಲ. 2010ರ ಡಿಸೆಂಬರ್‌ನಲ್ಲಿ ಅಲ್ಲಿಂದ ಸಾರ್ನಿಯಾ ಕಡೆಗೆ ಹೋಗುವ 402 ಹೆದ್ದಾರಿಯಲ್ಲಿ ನೂರಾರು ಜನ ಗಾಡಿಯಲ್ಲೇ ಸಿಕ್ಕಿಹಾಕಿಕೊಂಡರು. ಕೊನೆಗೆ ಸೇನೆಯ ಹೆಲಿಕಾಪ್ಟರ್ ಬರಬೇಕಾಯಿತು. ಅಂಥ ದಿನ ಹೊರಡಬಾರದು, ಅಷ್ಟೇ. ಕ್ಲಾಸ್ ತಪ್ಪಿದರೆ ತಪ್ಪಲಿ.

ಟೈರಿನಲ್ಲಿ ಮಾತ್ರ ದುಡ್ಡು ಉಳಿಸಬಾರದು. ಉಷ್ಣಾಂಶ 7 ಡಿಗ್ರಿಗಿಂತ ಕೆಳಗೆ ಹೋದರೆ ಮಾಮೂಲಿ ಟೈರಿನ ರಬ್ಬರ್ ಗಟ್ಟಿಯಾಗುತ್ತದೆ, ಹಿಡಿತ ಹೋಗುತ್ತದೆ. ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ. ನಮ್ಮ ಒಂಟಾರಿಯೊದಲ್ಲಿ ಕಡ್ಡಾಯ ಇಲ್ಲ, ಆದರೆ 2016ರಿಂದ ಹಾಕಿಸಿಕೊಂಡವರಿಗೆ ಇನ್ಶೂರೆನ್ಸ್‌ನಲ್ಲಿ ರಿಯಾಯಿತಿ ಕೊಡಲೇಬೇಕು. ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹೂವಿನ ಗುರುತು ಇದೆಯಾ ನೋಡಬೇಕು. ಸೇತುವೆ ಮೇಲೆ ಮೊದಲು ಮಂಜುಗಡ್ಡೆ ಕಟ್ಟುತ್ತದೆ, ನೋಡಿದರೆ ಬರೀ ಒದ್ದೆ ರಸ್ತೆಯ ಹಾಗೆ ಇರುತ್ತದೆ. ಅದು ಅವನಿಗೆ ಒಂದು ಚಳಿಗಾಲ ನನ್ನ ಪಕ್ಕ ಕೂತರೆ ಗೊತ್ತಾಗುತ್ತದೆ.

ಇಲ್ಲಿಯ ಪ್ರಾಂತೀಯ ಪೊಲೀಸರು ನಾಲ್ಕು ವಿಷಯಕ್ಕೆ "ದೊಡ್ಡ ನಾಲ್ಕು" ಅಂತಲೇ ಹೆಸರಿಟ್ಟಿದ್ದಾರೆ. ವೇಗ, ಮೊಬೈಲು, ಕುಡಿತ, ಬೆಲ್ಟ್ ಹಾಕದೇ ಇರುವುದು. ಬೆಲ್ಟಿನ ಲೆಕ್ಕ ಕೇಳಿದರೆ ಭಾವನಿಗೆ ಖುಷಿ ಆಗುತ್ತದೆ, ಅವರದು ಮೇಷ್ಟ್ರ ಬುದ್ಧಿ ಅಲ್ವಾ. ಇಲ್ಲಿ ಶೇ. 95ಕ್ಕಿಂತ ಜಾಸ್ತಿ ಜನ ಬೆಲ್ಟ್ ಹಾಕುತ್ತಾರೆ. 1976ರ ಜನವರಿಯಲ್ಲಿ ಒಂಟಾರಿಯೊ ಮೊದಲು ಕಡ್ಡಾಯ ಮಾಡಿದ ಪ್ರಾಂತ್ಯ. ಆದರೂ ಅಪಘಾತದಲ್ಲಿ ಸತ್ತ ಚಾಲಕರಲ್ಲಿ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರು ಬೆಲ್ಟ್ ಹಾಕಿರುವುದಿಲ್ಲ. ನೂರರಲ್ಲಿ ಐದು ಜನ ಮಾಡುವ ತಪ್ಪು, ಸಾವಿನ ಲೆಕ್ಕದಲ್ಲಿ ಕಾಲು ಭಾಗ. ಹಿಂದಿನ ಸೀಟಿನಲ್ಲಿ ಕೂತವರಿಗೂ ಇದು ಅನ್ವಯ. ಅಕ್ಕ, ನೀನು ಬಂದಾಗಲೂ "ಹಿಂದೆ ಯಾಕಪ್ಪ" ಅನ್ನಬೇಡ.

ಕುಡಿತದ ವಿಷಯ ಪುಟ್ಟನಿಗೆ ನಾನೇ ನೇರವಾಗಿ ಹೇಳುತ್ತೇನೆ. ಆದರೂ ಗ್ರೂಪಿನಲ್ಲಿ ಹೇಳಿಬಿಡುತ್ತೇನೆ, ಬರುವ ಬೇರೆ ಹುಡುಗರೂ ಇದ್ದಾರೆ. 2018ರ ಡಿಸೆಂಬರ್ 18ರಿಂದ ಇಲ್ಲಿ ಕಾನೂನು ಬದಲಾಗಿದೆ. ನಿಯಮದ ಪ್ರಕಾರ ಗಾಡಿ ನಿಲ್ಲಿಸಿದ ಪೊಲೀಸರು, ಅನುಮಾನ ಇಲ್ಲದಿದ್ದರೂ, ಉಪಕರಣಕ್ಕೆ ಊದು ಅನ್ನಬಹುದು. ಊದುವುದಿಲ್ಲ ಅಂದರೆ ಅದೇ ಅಪರಾಧ. ಹೊಸ ಲೈಸೆನ್ಸಿನವರಿಗೆ ಒಂಟಾರಿಯೊದಲ್ಲಿ ಮಿತಿ ಸೊನ್ನೆ. ಒಂದು ಬಿಯರ್ ಪರವಾಗಿಲ್ಲ ಅನ್ನುವ ಮಾತೇ ಇಲ್ಲ. ಗಾಂಜಾ 2018ರಲ್ಲಿ ಕಾನೂನುಬದ್ಧ ಆಯಿತು, ಆದರೆ ಅದು ಸೇದಿ ಓಡಿಸುವುದಕ್ಕೂ ಇದೇ ಗತಿ.

ನಮ್ಮ ಹುಡುಗರಿಗೆ ಗೊತ್ತಿಲ್ಲದ ವಿಷಯ ಮುಂದಿನದು. ಅದೇ ದಿನದಿಂದ ಕುಡಿದು ಓಡಿಸುವ ಅಪರಾಧಕ್ಕೆ ಗರಿಷ್ಠ ಶಿಕ್ಷೆ 10 ವರ್ಷ ಆಯಿತು. ಕೋರ್ಟಿನಲ್ಲಿ ದಂಡ ಕಟ್ಟಿ ಹೊರಗೆ ಬಂದರೂ, ಕಾನೂನಿನ ಪುಸ್ತಕದಲ್ಲಿ ಗರಿಷ್ಠ 10 ವರ್ಷ ಅಂತ ಇರುವುದರಿಂದ ವಲಸೆ ಕಾನೂನಿನಲ್ಲಿ ಅದು ಗಂಭೀರ ಅಪರಾಧ. ಪರ್ಮನೆಂಟ್ ರೆಸಿಡೆಂಟ್ (ಪಿಆರ್, ಇಲ್ಲೇ ಕಾಯಂ ಇರಲು ಅನುಮತಿ ಸಿಕ್ಕವರು) ಆದವರನ್ನೂ ದೇಶ ಬಿಟ್ಟು ಹೋಗಿ ಅನ್ನಬಹುದು. ಸ್ಟೂಡೆಂಟ್ ವೀಸಾದವನ ಕಥೆ ಕೇಳುವುದೇ ಬೇಡ. ಸಾಲ ಮಾಡಿ ಕಳಿಸಿದ ಓದು, ಪಿಆರ್ ಕನಸು, ಎಲ್ಲ ಒಂದು ಶನಿವಾರ ರಾತ್ರಿಗೆ ಹೋಗುತ್ತದೆ. ಟ್ಯಾಕ್ಸಿಗೆ ದುಡ್ಡಿಲ್ಲದಿದ್ದರೆ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡಲಿ, ನಾನು ಒಂದು ಪ್ರಶ್ನೆ ಕೇಳುವುದಿಲ್ಲ.

ವೇಗಕ್ಕೂ ಇಲ್ಲಿ ಬಿಗಿ ಇದೆ. ಹೆದ್ದಾರಿಯಲ್ಲಿ ಮಿತಿ ಬಹುಪಾಲು 100, ಕೆಲವು ಕಡೆ 110. ಅದೇ ರಸ್ತೆಯಲ್ಲಿ 150 ಮುಟ್ಟಿದರೆ ಸ್ಟಂಟ್ ಡ್ರೈವಿಂಗ್ ಅಂತ ಕೇಸು. ನಿಂತ ಜಾಗದಲ್ಲೇ ಲೈಸೆನ್ಸ್ 30 ದಿನ ರದ್ದು, ಕಾರು 14 ದಿನ ಪೊಲೀಸರ ವಶ, ಆಮೇಲೆ ಕೋರ್ಟಿನಲ್ಲಿ ಕನಿಷ್ಠ 2,000 ಡಾಲರ್ ದಂಡ. ಕೈಯಲ್ಲಿ ಫೋನ್ ಹಿಡಿದು ಸಿಕ್ಕಿದರೆ ಹೊಸಬರಿಗೆ 30 ದಿನ ಲೈಸೆನ್ಸ್ ಇಲ್ಲ. ಹಳದಿ ಸ್ಕೂಲ್ ಬಸ್ ಕೆಂಪು ದೀಪ ಮಿನುಗಿಸಿ ನಿಂತರೆ, ನಡುವೆ ಡಿವೈಡರ್ ಇಲ್ಲದಿದ್ದರೆ, ಎದುರಿನಿಂದ ಬರುವವರೂ ನಿಲ್ಲಬೇಕು. ಇದು ನಮ್ಮವರಿಗೆ ಹೊಸದು. ಮೊದಲ ಸಲಕ್ಕೇ 400ರಿಂದ 2,000 ಡಾಲರ್.

ಇನ್ನು ಕಾರು ಬೇಕಾ ಬೇಡವಾ ಅನ್ನುವುದು. ಮೊದಲ ವರ್ಷ ಬೇಡ. ಇದರಲ್ಲಿ ನಾನು ಅಕ್ಕನ ಕಡೆ, ಆದರೆ ಕಾರಣ ಬೇರೆ. ಚಿಕ್ಕ ವಯಸ್ಸಿನ ಹುಡುಗರಿಗೆ, ಇಲ್ಲಿ ಓಡಿಸಿದ ಅನುಭವ ಇಲ್ಲದವರಿಗೆ, ಇನ್ಶೂರೆನ್ಸ್ ಕಟ್ಟಿ ಕಟ್ಟಿ ಸುಸ್ತಾಗುತ್ತದೆ. ಬಸ್ ಪಾಸ್ ಎಷ್ಟೋ ಕಾಲೇಜುಗಳಲ್ಲಿ ಫೀಸಿನ ಜೊತೆಗೇ ಬರುತ್ತದೆ. ಆಮೇಲೆ ಕೆಲಸ ಸಿಕ್ಕ ಮೇಲೆ ಬೇರೆ ಮಾತು. ಈ ದೇಶದಲ್ಲಿ ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಜನ ಕಾರಿನಲ್ಲೇ ಹೋಗುತ್ತಾರೆ. 2016ರ ಜನಗಣತಿಯಲ್ಲಿ ಬಸ್ಸು, ಮೆಟ್ರೊ ಹಿಡಿಯುವವರು ಶೇ. 12.4 ಇದ್ದರು, 2021ಕ್ಕೆ ಶೇ. 7.7ಕ್ಕೆ ಇಳಿಯಿತು. ಕೋವಿಡ್ ಆದಮೇಲೆ ಸ್ವಲ್ಪ ಏರಿದೆ. ಆದರೂ ದೊಡ್ಡ ಊರು ಬಿಟ್ಟರೆ ಬಸ್ ನಂಬಿ ಫ್ಯಾಕ್ಟರಿಯ ರಾತ್ರಿ ಪಾಳಿಗೆ ಹೋಗುವುದು ಆಗುವ ಮಾತಲ್ಲ.

ತೆಗೆದುಕೊಂಡಾಗ ಸಣ್ಣ ಕಾರು ಸಾಕು ಅಂತ ನೀವೂ ಒತ್ತಾಯ ಮಾಡಿ ಭಾವ. ಇಲ್ಲಿ ಈಗ ಮಾರಾಟ ಆಗುವ ಹೊಸ ಗಾಡಿಗಳಲ್ಲಿ ಶೇ. 80ಕ್ಕಿಂತ ಜಾಸ್ತಿ ಎಸ್‌ಯುವಿ, ಪಿಕಪ್. ಇಟ್ಟಿಗೆ ಹೊರುವ ಕೆಲಸ ಇಲ್ಲದವರೂ ಅಂಥ ಪಿಕಪ್‌ನಲ್ಲಿ ಹಾಲು ತರಲು ಹೋಗುತ್ತಾರೆ. ಒಳಗೆ ಕೂತವರಿಗೆ ಧೈರ್ಯ, ಮುಂದೆ ನಡೆದು ಹೋಗುವವರಿಗೆ ಕಷ್ಟ. ಬಾನೆಟ್ ಅಷ್ಟು ಎತ್ತರ ಇದ್ದರೆ ಮಗು ಕಾಣುವುದೇ ಇಲ್ಲ. ಟೊರಾಂಟೊದಲ್ಲಿ ಗಾಡಿ ಗುದ್ದಿ ಸಾಯುವ ಪಾದಚಾರಿಗಳಲ್ಲಿ ವಯಸ್ಸಾದವರೇ ಜಾಸ್ತಿ. ನವೆಂಬರ್ ಮೊದಲ ವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಸಂಜೆ 5ಕ್ಕೇ ಕತ್ತಲು, ಎಲ್ಲರೂ ಕಪ್ಪು ಕೋಟು. ಆ ದಿನಗಳಲ್ಲಿ ಇಂಥ ಅಪಘಾತ ಏರುತ್ತವೆ. ನೀವಿಬ್ಬರೂ ಬಂದಾಗ ವಾಕಿಂಗ್‌ಗೆ ನಾನು ಕೊಡಿಸುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಲೇಬೇಕು, ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ.

ಕೊನೆಗೆ ಕಾಗದ ಪತ್ರ. ಒಂಟಾರಿಯೊದಲ್ಲಿ ನೆಲೆಸಿದ ಮೇಲೆ ನಮ್ಮ ಲೈಸೆನ್ಸ್ 60 ದಿನ ನಡೆಯುತ್ತದೆ. ಆಮೇಲೆ ಇಲ್ಲಿನದು ಮಾಡಿಸಬೇಕು. ಜಿ1 ಅಂತ ಬರವಣಿಗೆ ಪರೀಕ್ಷೆ, ಆಮೇಲೆ ಜಿ2, ಜಿ ಅಂತ ಎರಡು ರೋಡ್ ಟೆಸ್ಟ್. ಊರಲ್ಲಿ 2 ವರ್ಷಕ್ಕಿಂತ ಜಾಸ್ತಿ ಓಡಿಸಿದ್ದಕ್ಕೆ ಅಧಿಕೃತ ಪತ್ರ ಇದ್ದರೆ, ಜಿ1 ಆದಮೇಲೆ ಕಾಯದೆ ನೇರ ಜಿ ಟೆಸ್ಟಿಗೆ ಹೋಗಬಹುದು. ಹಾಗಾಗಿ ಭಾವ, ಪುಟ್ಟನನ್ನು ಈ ತಿಂಗಳೇ ಆರ್‌ಟಿಒಗೆ ಕರೆದುಕೊಂಡು ಹೋಗಿ ಡಿಎಲ್ ಎಕ್ಸ್‌ಟ್ರಾಕ್ಟ್ (ಲೈಸೆನ್ಸಿನ ವಿವರ ಇರುವ ಅಧಿಕೃತ ಪತ್ರ) ಮಾಡಿಸಿ, ಇಂಗ್ಲಿಷಿನಲ್ಲಿ ಇರಲಿ, ಸಹಿ ಸೀಲು ನೋಡಿ. ಮೊದಲು ಲೈಸೆನ್ಸ್ ಕೊಟ್ಟ ದಿನಾಂಕ ಅದರಲ್ಲಿ ಇರಲೇಬೇಕು. ರಿನ್ಯೂ ಮಾಡಿಸಿದ ದಿನಾಂಕ ಮಾತ್ರ ಹಾಕಿ ಕೊಟ್ಟರೆ ಇಲ್ಲಿ ಅವನ ಅನುಭವ ಅಷ್ಟು ಕಮ್ಮಿ ಲೆಕ್ಕ ಆಗುತ್ತದೆ. ಮಾಡಿಸಿದ ಮೇಲೆ ಒಂದು ಫೋಟೊ ತೆಗೆದು ನನಗೆ ಬೇರೆಯಾಗಿ ಕಳಿಸಿ, ಗ್ರೂಪಿಗೆ ಹಾಕಬೇಡಿ.