ಬ್ಲೇರ್ ಬೆಟ್ಟದ ಗಣಿ ಕಾರ್ಮಿಕರು ಬಂದೂಕು ಹಿಡಿದಿದ್ದು ಯಾಕೆ?

ನಾಯಗಾಂವ್ ಚಾಳಿನವ, ಮುಂಬೈ:

ಎಲ್ಲರಿಗೂ ನಮಸ್ಕಾರ. ನಮ್ಮಪ್ಪ ಇಂಡಿ ತಾಲ್ಲೂಕಿನಿಂದ ಬಂದು ಪರೇಲಿನ ಒಂದು ಮಿಲ್ಲಿನಲ್ಲಿ ಸಾಚಾ ಖಾತೆಗೆ ಸೇರಿದವರು. ಅಂದರೆ ಮಗ್ಗದ ವಿಭಾಗ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮಿಲ್ ಮುಷ್ಕರ ಶುರುವಾದಾಗ ನನಗೆ ಒಂಬತ್ತು ವರ್ಷ. ಸುಮಾರು 2.5 ಲಕ್ಷ ಜನ ಕೆಲಸ ಬಿಟ್ಟು ಹೊರಗೆ ಬಂದರು. ಬೆಳಗಿನ ಭೋಂಗಾ, ಅಂದರೆ ಮಿಲ್ಲಿನ ಸೈರನ್, ನಿಂತುಹೋಯಿತು. ಅವ್ವ ಬೋರಮಾಳ ಒತ್ತೆ ಇಟ್ಟಳು. ಬೇಸಿಗೆ ಹೊತ್ತಿಗೆ ನಾವೆಲ್ಲ ಊರಿಗೆ ಹೋದೆವು.

ಮೊನ್ನೆ ಅಮೆರಿಕದ ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ಬಗ್ಗೆ ಓದಿದೆ. 1921ರ ಆಗಸ್ಟ್ ಕೊನೆಗೆ ಸುಮಾರು 10,000 ಕಾರ್ಮಿಕರು ಕುತ್ತಿಗೆಗೆ ಕೆಂಪು ಬಟ್ಟೆ ಕಟ್ಟಿಕೊಂಡು, ಬಂದೂಕು ಹಿಡಿದು ಬ್ಲೇರ್ ಬೆಟ್ಟಕ್ಕೆ ಹೋದರಂತೆ. ಎದುರಿಗೆ ಲೋಗನ್ ಕೌಂಟಿಯ ಶೆರಿಫ್ ಡಾನ್ ಚಾಫಿನ್, ಅವನ ಸುಮಾರು 3,000 ಜನ. ಖಾಸಗಿ ವಿಮಾನದಿಂದ ಬಾಂಬ್ ಕೂಡ ಹಾಕಿಸಿದರು. ಅಪ್ಪನ ಜೊತೆಯವರೂ ಹಸಿದಿದ್ದರು, ಅವರಿಗೂ ಸಿಟ್ಟಿತ್ತು. ಆದರೆ ನಮ್ಮ ಮಿಲ್ಲುಗಳ ಸೀಮೆ ಗಿರಣಗಾಂವ್‌ನಲ್ಲಿ ಯಾರೂ ಬಂದೂಕು ಹುಡುಕಿಕೊಂಡು ಹೋಗಲಿಲ್ಲ. ಅಲ್ಲಿ ಯುದ್ಧವೇ ಆಗಿದ್ದು ಯಾಕೆ? ಗೊತ್ತಿದ್ದವರು ಹೇಳಿ.

ಪಿಂಪ್ರಿ ಕಾಕಾ, ಪುಣೆ:

ತಮ್ಮಾ, ನಾನು ಧನ್‌ಬಾದ್ ಕಡೆ ಕಲ್ಲಿದ್ದಲು ಗಣಿಯಲ್ಲಿ ಸರ್ವೇ ಕೆಲಸ ಮಾಡಿದವನು. ಕೂಲಿ ಬಿಡು, ಮೊದಲು ಮನೆ ನೋಡು. ನಿಮ್ಮದು ಬಿಡಿಡಿ ಚಾಳಾಗಿದ್ದರೆ, ಅದು ಸರ್ಕಾರವೇ ಕಟ್ಟಿಸಿದ ವಠಾರ, ಸರ್ಕಾರದ್ದು. ಮಾಲೀಕ ನಿಮ್ಮಪ್ಪನನ್ನು ಕೆಲಸದಿಂದ ತೆಗೆಯಬಹುದಿತ್ತು, ಖೋಲಿಯಿಂದ, ಅಂದರೆ ಇದ್ದ ಕೋಣೆಯಿಂದ ಅಲ್ಲ. ಕಿರಾಣಿ ಅಂಗಡಿಯವನು ಬೇರೆ, ಉದ್ರಿ ಕೊಡುತ್ತಿದ್ದ. ಹಿಂದೆ ಊರಿತ್ತು, ಹೊಲ ಇತ್ತು.

ಅಲ್ಲಿ ಮನೆ ಕಂಪನಿಯದು. ಅಂಗಡಿ ಕಂಪನಿಯದು. ಎಷ್ಟೋ ಕಡೆ ಕೂಲಿ ಅಂತ ಕೊಡುತ್ತಿದ್ದದ್ದು ಕಂಪನಿಯ ಬಿಲ್ಲೆ, ಅದು ಆ ಅಂಗಡಿಯಲ್ಲಿ ಮಾತ್ರ ನಡೆಯುತ್ತಿತ್ತು. ಕೂಲಿ ಟನ್ ಲೆಕ್ಕ, ತಕ್ಕಡಿ ಕಂಪನಿಯದು. ತೂಕ ನೋಡೋಕೆ ನಮ್ಮವನೊಬ್ಬ ಇರಲಿ ಅಂತಲೇ ಮುಷ್ಕರ ಮಾಡಬೇಕಾಗಿತ್ತು. ಸಂಘ ಸೇರಿದರೆ ಪಾತ್ರೆ, ಹಾಸಿಗೆ, ಮಕ್ಕಳು ಎಲ್ಲ ಬೀದಿಗೆ. ಆ ಕೆಲಸಕ್ಕೆ ಬಾಲ್ಡ್‌ವಿನ್-ಫೆಲ್ಟ್ಸ್ ಅನ್ನೋ ಖಾಸಗಿ ಪತ್ತೇದಾರಿ ಸಂಸ್ಥೆಯವರು ಬಂದೂಕು ಹಿಡಿದೇ ಬರುತ್ತಿದ್ದರು.

1920ರ ಮೇ 19ಕ್ಕೆ ವೆಸ್ಟ್ ವರ್ಜೀನಿಯಾದ ಮೇಟ್‌ವಾನ್‌ನಲ್ಲಿ ಹೀಗೇ ಮನೆ ಖಾಲಿ ಮಾಡಿಸಿ ರೈಲಿಗೆ ಹೊರಟವರನ್ನು ಊರಿನ ಪೊಲೀಸ್ ಮುಖ್ಯಸ್ಥ ಸಿಡ್ ಹ್ಯಾಟ್‌ಫೀಲ್ಡ್ ತಡೆದ. ಗುಂಡು ಹಾರಿತು, ಹತ್ತು ಜನ ಸತ್ತರು. ಅದರಲ್ಲಿ ಏಳು ಜನ ಆ ಸಂಸ್ಥೆಯವರು, ಒಬ್ಬ ಊರಿನ ಮೇಯರ್. ಮುಂದಿನ ವರ್ಷ ಆಗಸ್ಟ್ 1ಕ್ಕೆ ವೆಲ್ಚ್ ಕೋರ್ಟಿನ ಮೆಟ್ಟಿಲ ಮೇಲೆ, ಹೆಂಡತಿಯ ಕಣ್ಣೆದುರಿಗೇ ಹ್ಯಾಟ್‌ಫೀಲ್ಡ್‌ನನ್ನು ಆ ಸಂಸ್ಥೆಯವರು ಗುಂಡು ಹೊಡೆದು ಹಾಕಿದರು. ಅವನ ಕೈಯಲ್ಲಿ ಆಯುಧ ಇರಲಿಲ್ಲ. ನೀನು ಓದಿದ ಮೆರವಣಿಗೆ ಹೊರಟಿದ್ದು ಅದಾದ ಮೂರು ವಾರಕ್ಕೆ.

ಇನ್ನು ಕೊಲರಾಡೋದ ಲಡ್ಲೋ. ಮನೆ ಕಳೆದುಕೊಂಡವರು ಅಲ್ಲಿ ಡೇರೆಯಲ್ಲಿದ್ದರು. 1914ರ ಏಪ್ರಿಲ್ 20ಕ್ಕೆ ಸೈನಿಕರು ಆ ಡೇರೆಗಳಿಗೆ ಬೆಂಕಿ ಇಟ್ಟರು. ಒಂದು ಡೇರೆಯ ಕೆಳಗಿನ ಗುಂಡಿಯಲ್ಲಿ 11 ಮಕ್ಕಳು, ಇಬ್ಬರು ಹೆಂಗಸರು ಉಸಿರುಕಟ್ಟಿ ಸತ್ತರು. ಗುಂಡು ತಾಗದಿರಲಿ ಅಂತ ತೋಡಿಕೊಂಡ ಗುಂಡಿ ಅದು. ಆಮೇಲೆ ಹತ್ತು ದಿನ ಗಣಿ ಕಾರ್ಮಿಕರು ಬಂದೂಕು ಕೆಳಗಿಡಲಿಲ್ಲ.

ಭಾಂಡುಪ್ ಅಕ್ಕ:

ಕಾಕಾ ಹೇಳಿದ್ದು ಸರಿ. ಆದರೆ ಮುಂಬೈ ತಣ್ಣಗಿತ್ತು ಅನ್ನಬೇಡಿ. 1908ರಲ್ಲಿ ತಿಲಕರಿಗೆ ಆರು ವರ್ಷ ಶಿಕ್ಷೆಯಾದಾಗ ಮಿಲ್ಲಿನವರು ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದರು. ಸೈನ್ಯ ಗುಂಡು ಹಾರಿಸಿತು. 1982ರ ಆಗಸ್ಟ್‌ನಲ್ಲಿ ಪೊಲೀಸರೇ ಬಂಡೆದ್ದಾಗ ಮಿಲ್ಲಿನವರೂ ಬೀದಿಗಿಳಿದರು, ಗಲಭೆಯಾಯಿತು. ನಮ್ಮ ಸೋದರಮಾವ ಮುಷ್ಕರದ ನಡುವೆ ಕೆಲಸಕ್ಕೆ ಹೋದರು ಅಂತ ಅವರದೇ ಚಾಳಿನ ಹುಡುಗರು ಹೊಡೆದು ಕೈ ಮುರಿದರು. ಮನೆಯಲ್ಲಿ ಮಗು ಕಾಯಿಲೆ ಬಿದ್ದಿತ್ತು, ಅದಕ್ಕೇ ಹೋಗಿದ್ದರು.

ನಾಯಗಾಂವ್ ಚಾಳಿನವ:

ಅಕ್ಕಾ, ಓದಿ ಸಂಕಟ ಆಯಿತು. ಕಾಕಾ, ನಮ್ಮದು ಬಿಡಿಡಿ ಚಾಳೇ. ನಿನ್ನೆ ರಾತ್ರಿ ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ತಕ್ಕಡಿಯ ಮಾತು ಬಂದಾಗ ತಡೆದರು. ಅವರ ಮಿಲ್ಲಿನಲ್ಲೂ ಬಟ್ಟೆಯಲ್ಲಿ ದೋಷ ಇದೆ ಅಂತ ಕೂಲಿ ಮುರಿಯುತ್ತಿದ್ದರಂತೆ, ಆ ಬಟ್ಟೆಯನ್ನು ಮಾತ್ರ ತೋರಿಸುತ್ತಿರಲಿಲ್ಲವಂತೆ. ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಅವರಿಗೆ ಕೆಲಸ ವಾಪಸ್ ಸಿಕ್ತಾ?" ಏನು ಹೇಳಲಿ?

ಪಿಂಪ್ರಿ ಕಾಕಾ:

ಇದ್ದದ್ದನ್ನೇ ಹೇಳು. ಅಧ್ಯಕ್ಷ ಹಾರ್ಡಿಂಗ್ ಸೈನ್ಯ ಕಳಿಸಿದ. ಗಣಿಯವರಲ್ಲಿ ಎಷ್ಟೋ ಜನ ಮಹಾಯುದ್ಧದಲ್ಲಿ ಅದೇ ಸೈನ್ಯದ ಸಮವಸ್ತ್ರ ತೊಟ್ಟವರು. ಅದರ ಮೇಲೆ ಗುಂಡು ಹಾರಿಸೋಕೆ ಅವರಿಗೆ ಮನಸ್ಸು ಬರಲಿಲ್ಲ. ಬಂದೂಕು ಒಪ್ಪಿಸಿ, ಇಲ್ಲವೇ ಬಚ್ಚಿಟ್ಟು ಮನೆಗೆ ಹೋದರು. ನೂರಾರು ಜನರ ಮೇಲೆ ಕೊಲೆ, ರಾಜ್ಯದ್ರೋಹದ ಕೇಸು ಬಿದ್ದವು. ಮುಂದಾಳು ಬಿಲ್ ಬ್ಲಿಝಾರ್ಡ್ ಖುಲಾಸೆಯಾದ, ಆದರೆ ಆ ಸೀಮೆಯಲ್ಲಿ ಸಂಘ ಮುರಿದುಬಿತ್ತು. 1933ರಲ್ಲಿ ರೂಸ್‌ವೆಲ್ಟ್ ಕಾಲದ ಕಾನೂನು ಸಂಘ ಕಟ್ಟುವ ಹಕ್ಕು ಕೊಟ್ಟ ಮೇಲೆ ಗಣಿಯವರು ಮತ್ತೆ ಸೇರಿಕೊಂಡರು. ಹನ್ನೆರಡು ವರ್ಷ ಹಿಡಿಯಿತು.

ನಿಮ್ಮಪ್ಪನಿಗೆ ಸಿಕ್ಕಿತಾ ತಮ್ಮಾ? ನೀನು ಬರೆಯಲೇ ಇಲ್ಲ.

ನಾಯಗಾಂವ್ ಚಾಳಿನವ:

ಇಲ್ಲ ಕಾಕಾ. 83ರಲ್ಲಿ ಊರಿನಿಂದ ಬಂದು ಎಂಟು ದಿನ ಗೇಟಿಗೆ ಹೋದರು, ಒಳಗೆ ಬಿಡಲಿಲ್ಲ. ಆಮೇಲೆ ದಾದರ್‌ನಲ್ಲಿ ತರಕಾರಿ ಮಾರಿದರು.