ಕವರೇಜ್ 100% ಇದೆ, ಆದರೂ ಮಂಡಿ ಬಿಲ್ ತಪ್ಪು ಬರುತ್ತಿದೆ

ಅಡಿಕೆ_ಲೆಕ್ಕ (ಶಿವಮೊಗ್ಗ): ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ಚಿಕ್ಕಪ್ಪನ ಅಡಿಕೆ ಮಂಡಿಗೆ ಪೈಥಾನ್‌ನಲ್ಲಿ ಬಿಲ್ ಪ್ರೋಗ್ರಾಮ್ ಬರೆದಿದ್ದೇನೆ. ರಾಶಿ, ಬೆಟ್ಟೆ, ಸರಕು, ಗೊರಬಲು, ಅಡಿಕೆಯ ಈ ನಾಲ್ಕು ಬಗೆಗೂ ಟೆಸ್ಟ್ ಇದೆ. ಟೆಸ್ಟ್‌ನಲ್ಲಿ ಕೋಡಿನ ಎಷ್ಟು ಸಾಲು ಓಡಿತು ಅಂತ ಹೇಳುವ ಕವರೇಜ್ 100%, ಒಂದು ಸಾಲೂ ಬಿಟ್ಟಿಲ್ಲ. ಆದರೂ ಕೆಲವು ರೈತರ ತೂಕ ಕಡಿಮೆ ಬರುತ್ತಿದೆ. ವರ್ಷವಿಡೀ ದುಡಿದವರ ದುಡ್ಡು ಇದು. ದಯವಿಟ್ಟು ಹೇಳಿ.

ತುಂಗಾ_ತೀರ (ತೀರ್ಥಹಳ್ಳಿ): ಫ್ಲೋಟ್ (ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ರೀತಿ) ಇರಬೇಕು. 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತದೆ. ನಿಖರವಾಗಿ ಇಡುವ ಡೆಸಿಮಲ್‌ಗೆ ಬದಲಿಸಿ.

ಅಡಿಕೆ_ಲೆಕ್ಕ: ಬದಲಿಸಿದೆ. ಏನೂ ಆಗಲಿಲ್ಲ.

ತುಂಗಾ_ತೀರ: ಎಲ್ಲಾ ಕಡೆ ಬದಲಿಸಿದಿರಾ? ಡೆಸಿಮಲ್‌ಗೆ ಫ್ಲೋಟನ್ನೇ ಕೊಟ್ಟರೆ ತಪ್ಪೂ ಜೊತೆಗೇ ಬರುತ್ತದೆ. ಸ್ಟ್ರಿಂಗ್ ಕೊಡಿ, ಅಂದರೆ '0.1' ಅಂತ ಅಕ್ಷರವಾಗಿ.

ಮಳೆ_ಮನೆ (ಹೊಸನಗರ): ಕೋಡ್ ಒಳಗೆ ಯಾಕೆ ಹೋಗುತ್ತೀರಿ? ಹಳೇ ರಸೀದಿ ಐವತ್ತು ತಗೊಂಡು ತಾಳೆ ನೋಡಿ, ಸಾಕು. ನಾನು ಹಾಗೇ ಮಾಡೋದು.

ತುಂಗಾ_ತೀರ: ತಾಳೆ ನೋಡಿದರೆ ತಪ್ಪು ಇದೆ ಅಂತ ಗೊತ್ತಾಗುತ್ತದೆ. ಎಲ್ಲಿದೆ ಅಂತ ಗೊತ್ತಾಗಲ್ಲ ಮಾರಾಯ್ರೇ.

ಮಳೆ_ಮನೆ: ಮೂರು ದಿನ ಡೆಸಿಮಲ್ ಹಿಂದೆ ಹೋದರೂ ಗೊತ್ತಾಗಲಿಲ್ಲವಲ್ಲ?

ಕೊಡಚಾದ್ರಿ_ದಾರಿ (ಸಾಗರ): ಎಷ್ಟು ಕಡಿಮೆ ಬರುತ್ತಿದೆ? ಅದನ್ನು ಯಾರೂ ಕೇಳಲೇ ಇಲ್ಲ.

ಅಡಿಕೆ_ಲೆಕ್ಕ: ಚೀಲಕ್ಕೆ ಸರಿಯಾಗಿ 1 ಕೆಜಿ. ಒಣಗದ ಲಾಟ್‌ಗೆ ಅಷ್ಟು ಕಡಿತ ಹಾಕಿದ್ದೇನೆ, ಅದನ್ನೂ ಹೇಳಬೇಕಿತ್ತಾ? ಆದರೆ ಇವೆಲ್ಲ ಚೆನ್ನಾಗಿ ಒಣಗಿದ ಲಾಟ್.

ಕೊಡಚಾದ್ರಿ_ದಾರಿ: ಅದೇ ಮುಖ್ಯ. ಕಡಿತವನ್ನು ಲೂಪ್ (ಪ್ರತಿ ಲಾಟ್‌ಗೂ ಮತ್ತೆ ಮತ್ತೆ ಓಡುವ ಭಾಗ) ಹೊರಗೆ ಸೊನ್ನೆ ಮಾಡಿ, ಒಳಗೆ ಇಫ್‌ನಲ್ಲಿ (ಲಾಟ್ ಹಸಿ ಇದ್ದರೆ) 1 ಮಾಡಿದ್ದೀರಾ? ಎಲ್ಸ್ (ಹಸಿ ಅಲ್ಲದಿದ್ದರೆ ಏನು ಅನ್ನುವ ಭಾಗ) ಇಲ್ಲದಿದ್ದರೆ ಒಂದು ಹಸಿ ಲಾಟ್ ಬಂದ ಮೇಲೆ ಆ 1 ಹಾಗೇ ಉಳಿಯುತ್ತದೆ. ಆಮೇಲೆ ಬರುವ ಎಲ್ಲಾ ಲಾಟ್‌ಗೂ ಬೀಳುತ್ತದೆ. ಕವರೇಜ್ ಟೂಲ್ ಸುಮ್ನೆ ಓಡಿಸಿದರೆ ಸಾಲು ಓಡಿತಾ ಅಂತ ಮಾತ್ರ ನೋಡುತ್ತದೆ. ಬ್ರಾಂಚ್ ಆಯ್ಕೆ ಹಾಕಿದರೆ ಇಫ್ ಸುಳ್ಳಾದ ದಾರಿಯೂ ಲೆಕ್ಕಕ್ಕೆ ಬರುತ್ತದೆ. ಅದನ್ನೂ ಪೂರ್ತಿ ನಂಬಬೇಡಿ. ಒಣ ಲಾಟ್ ಮೊದಲು, ಹಸಿ ಆಮೇಲೆ ಕೊಟ್ಟರೆ ಎರಡೂ ದಾರಿ ಓಡಿ 100% ಬರುತ್ತದೆ. ತಪ್ಪು ಒಳಗೇ ಕೂತಿರುತ್ತದೆ. ಕಡಿತ ಎಲ್ಲಿ ಬದಲಾಯಿತು, ಎಲ್ಲಿ ಬಳಕೆಯಾಯಿತು, ನಡುವೆ ಯಾವ ದಾರಿ ಇದೆ ಅಂತ ಕೋಡ್ ಓದಿ ಹುಡುಕಿ. ಮೊದಲು ಹಸಿ, ಆಮೇಲೆ ಒಣ ಕೊಟ್ಟು ಟೆಸ್ಟ್ ಬರೆಯಿರಿ.

ಅಡಿಕೆ_ಲೆಕ್ಕ: ಬರೆದೆ. ಫೇಲ್ ಆಯಿತು. ಸೊನ್ನೆ ಮಾಡುವ ಸಾಲನ್ನು ಲೂಪ್ ಒಳಗೆ ತಂದೆ, ಪಾಸ್. ತುಂಬಾ ಥ್ಯಾಂಕ್ಸ್ ಸರ್. ನಾಳೆ ಹಳೇ ಬಿಲ್ ಎಲ್ಲಾ ತೆಗೆದು ಯಾರಿಗೆ ಎಷ್ಟು ಬಾಕಿ ಕೊಡಬೇಕು ಅಂತ ಲೆಕ್ಕ ಹಾಕುತ್ತೇನೆ.

ಮಳೆ_ಮನೆ: ಅದಕ್ಕೆ ರಸೀದಿ ಬೇಕೇ ಬೇಕು, ಅಲ್ವಾ?

ತುಂಗಾ_ತೀರ: ಡೆಸಿಮಲ್ ಮಾತ್ರ ತೆಗೆಯಬೇಡಿ.