ಕಣ್ಣು ಕೆಂಪಾದರೆಲ್ಲ ‘ಕಣ್ಣುಬೇನೆ’ಯೇ?

ಪ್ರಶ್ನೆ: ಆರೋಗ್ಯದ ಕೈಪಿಡಿಯೊಂದರಲ್ಲಿ ಕಣ್ಣು ಕೆಂಪಾದ ಕಡೆಯೆಲ್ಲ ‘ಕಣ್ಣುಬೇನೆ’ ಎಂದೇ ಬಳಸಿದ್ದಾರೆ. ಇದು ಸರಿಯೇ? ಬದಲಿಗೆ ‘ಕೆಂಗಣ್ಣು’ ಹೊಂದುತ್ತದೆಯೇ?

ಉತ್ತರ: ಎರಡೂ ಎಲ್ಲ ಕಡೆ ಹೊಂದುವುದಿಲ್ಲ. ‘ಕೆಂಗಣ್ಣು’ ಎಂದೊಡನೆ ಸಿಟ್ಟು ನೆನಪಾಗುತ್ತದೆ. ‘ಕಣ್ಣುಬೇನೆ’ ಎಂದರೆ ಜನರಿಗೆ ಅಂಟುರೋಗ, ಅಂದರೆ ಮದ್ರಾಸ್ ಐ. ಹಾಗಾಗಿ ಆ ಪದವನ್ನು ಸೋಂಕಿನ ಕಂಜಂಕ್ಟಿವೈಟಿಸ್‌ಗಷ್ಟೇ ಇಟ್ಟುಕೊಳ್ಳಿ. ಅದರಲ್ಲಿ ಬಿಳಿಗುಡ್ಡೆಯ ಮೇಲಿನ ತೆಳುಪೊರೆ ಕೆಂಪಾಗುತ್ತದೆ. ಕೆಳರೆಪ್ಪೆ ಜಗ್ಗಿ ನೋಡಿದರೆ ಒಳಮೈಯೂ ಕೆಂಪಗಿರುತ್ತದೆ. ವೈರಸ್‌ನಿಂದ ಬಂದಿದ್ದರೆ ನೀರು ಸುರಿಯುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ಕೆಲವು ದಿನಗಳಲ್ಲಿ ಇನ್ನೊಂದು ಕಣ್ಣಿಗೂ ಹಬ್ಬುವುದುಂಟು. ಬ್ಯಾಕ್ಟೀರಿಯಾದಿಂದಾದರೆ ಮಂದ ಹಳದಿ ಗೀಜು ಕಟ್ಟಿ ಬೆಳಗ್ಗೆ ರೆಪ್ಪೆ ಬಿಡಿಸಲಾಗುವುದಿಲ್ಲ. ಇವು ಹರಡುವುದು ಕೈ, ಟವೆಲ್, ದಿಂಬಿನ ಹೊದಿಕೆಗಳಿಂದ. ದೂರದಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಮಾತ್ರಕ್ಕೆ ಅಂಟುವುದಿಲ್ಲ.

ಎರಡೂ ಕಣ್ಣು ಒಟ್ಟಿಗೇ ತುರಿಸಿ ಕೆಂಪಾದರೆ ಹೆಚ್ಚಾಗಿ ಅಲರ್ಜಿ. ಅದು ಅಂಟುವುದಿಲ್ಲ, ‘ಕಣ್ಣಿನ ಅಲರ್ಜಿ’ ಎಂದೇ ಬರೆಯಿರಿ.

ನೋವಿಲ್ಲದೆ, ದೃಷ್ಟಿ ಮಂಜಾಗದೆ, ಬಿಳಿಗುಡ್ಡೆಯ ಒಂದು ಭಾಗ ಮಾತ್ರ ಬಣ್ಣ ಬಳಿದಂತೆ ಗಾಢ ಕೆಂಪಾದರೆ ಅದಕ್ಕೆ ‘ಕಣ್ಣಿನ ರಕ್ತಕಲೆ’ ಸಾಕು. ಜೋರಾಗಿ ಕೆಮ್ಮಿದಾಗ, ಸೀನಿದಾಗ, ತಿಣುಕಿದಾಗ ಪೊರೆಯ ಕೆಳಗಿನ ಸಣ್ಣ ರಕ್ತನಾಳ ಒಡೆದು ಹೀಗಾಗುತ್ತದೆ. ನೋಡಲು ಭಯವಾದರೂ 2-3 ವಾರದಲ್ಲಿ ತಾನೇ ಕರಗುತ್ತದೆ. ಪದೇ ಪದೇ ಆದರೆ, ಪೆಟ್ಟು ಬಿದ್ದು ಆಗಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮಾತ್ರ ತೋರಿಸಬೇಕು.

ಕೈಪಿಡಿಯಲ್ಲಿ ಪದ ತಪ್ಪಿದರೆ ನಿಜಕ್ಕೂ ಅಪಾಯವಾಗುವುದು ಇನ್ನೊಂದು ಕಡೆ. ಕೆಂಪು ಕಪ್ಪುಗುಡ್ಡೆಯ ಸುತ್ತಲೇ ಉಂಗುರದಂತೆ ದಟ್ಟವಾಗಿದ್ದು, ಒಳಗಿನಿಂದ ನೋವು, ಬೆಳಕು ತಡೆಯಲಾಗದಿರುವುದು, ಮಂಜು ಇವು ಸೇರಿದರೆ ಕಣ್ಣಿನ ಒಳಗಿನ ಉರಿಯೂತವೋ ಕಾರ್ನಿಯಾದ (ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರದ) ಹುಣ್ಣೋ ಇರಬಹುದು; ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಲ್ಲಿ ಹುಣ್ಣಿನ ಸಂಶಯ ಹೆಚ್ಚು. ತೀವ್ರ ನೋವಿನೊಂದಿಗೆ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ) ಏಕಾಏಕಿ ಉಲ್ಬಣಿಸಿರಬಹುದು. ಇಂಥವನ್ನು ‘ಕಣ್ಣುಬೇನೆ’ ಎಂದು ಬರೆದರೆ ಓದುಗರು ತಾನೇ ವಾಸಿಯಾದೀತೆಂದು ಕಾಯುತ್ತಾರೆ. ಕಾದಷ್ಟೂ ದೃಷ್ಟಿಗೆ ಕುತ್ತು. ಇವುಗಳ ಮುಂದೆ ‘ತುರ್ತು’ ಎಂದು ಸೇರಿಸಿ, ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ ಎಂದು ಬರೆಯಿರಿ.

ಕೈಪಿಡಿಯಲ್ಲಿ ‘ಕಣ್ಣಿಗೆ ಡ್ರಾಪ್ಸ್ ಹಾಕಿ’ ಎಂಬ ಬಿಡಿ ವಾಕ್ಯವಿದ್ದರೆ ಅದನ್ನೂ ತೆಗೆಯಿರಿ. ಸ್ಟಿರಾಯ್ಡ್ ಇರುವ ಹನಿ ಕೆಂಪನ್ನು ಬೇಗ ಇಳಿಸುತ್ತದೆ, ಆದರೆ ಹರ್ಪಿಸ್ ವೈರಸ್‌ನ ಅಥವಾ ಶಿಲೀಂಧ್ರದ ಹುಣ್ಣಿದ್ದರೆ ಅದನ್ನು ಒಳಗೊಳಗೇ ಬೆಳೆಸುತ್ತದೆ.